ನೀ ಕೇಳಿದ ಜಾಗಾ

ತಂಗಿ ದೀಪಾಲಿಗೆ, ಸೋಲಾಪುರದಿಂದ ನಿನ್ನ ಗಂಡನ ಅಕ್ಕ ನಂದಾ ಬರಿಯೋದು.

ಪತ್ರಾ ಬರಿಯೋವಾಗ ಮೊದಲ ಕ್ಷೇಮ ಕೇಳಬೇಕು ಅಂತ ಸಾಲ್ಯಾಗ ಗುರುಗಳು ಕಲಿಸಿದ್ರು. ನೀ ಕ್ಷೇಮ ಇಲ್ಲ ಅನ್ನೋದು ಗೊತ್ತಿದ್ದೂ ಹೆಂಗ ಕೇಳ್ಲಿ? ಅದಕ್ಕ ಕೇಳಂಗಿಲ್ಲ. ಫೋನ್ ಮಾಡಬಹುದಿತ್ತು, ಖರೆ. ಆದ್ರ ನಿಮ್ಮ ಮಂದ್ರೂಪದ ಮನಿಗೆ ಫೋನ್ ಬಂದ್ರ ನಿಮ್ಮವ್ವ ಸ್ಪೀಕರ್ ಹಚ್ಚಿ ಓಣಿಗೆಲ್ಲಾ ಕೇಳಸ್ತಾಳ. ಮೆಸೇಜ್ ಹಾಕಿದ್ರ ನಿಮ್ಮಣ್ಣ ಓದ್ತಾನ. ಕನ್ನಡದಾಗ ಕೈಲೆ ಬರದ್ರ ನಿಮ್ಮಣ್ಣಗೂ ತಿಳಿಯಂಗಿಲ್ಲ, ನನ್ನ ತಮ್ಮ ಆಕಾಶಗೂ ತಿಳಿಯಂಗಿಲ್ಲ, ಎಲ್ಲಾರೂ ಮರಾಠಿ ಸಾಲಿಯವರು. ಎರಡೂ ಮನ್ಯಾಗ ಕನ್ನಡ ಸಾಲಿ ಕಲತವರು ನಾವಿಬ್ಬರೇ. ಕಲತದ್ದು ಇದಕ್ಕಾದ್ರೂ ಉಪಯೋಗ ಬರಲಿ.

ಸೋಮವಾರ ಆಕಾಶ ಮತ್ತ ಅವ್ವ ನಿನ್ನ ಕರಿಯಾಕ ಬರ್ತಾರ. "ನನ್ನ ಕೂಸಿನ್ನ ಎಲ್ಲಿ ಇಟ್ಟೀರಿ ಹೇಳ್ರಿ, ಬರ್ತೀನಿ. ಹೇಳಲಿಲ್ಲಂದ್ರ ಬರಂಗಿಲ್ಲ" ಅಂತ ನೀ ಹೇಳೀದಿಯಂತ. ಅವ "ಅದನ್ನ ಬಿಡು ಈಗ" ಅಂದನಂತ. ಅವನ ಮ್ಯಾಲ ಸಿಟ್ಟು ಮಾಡಬ್ಯಾಡ. ಅವನಿಗೆ ಗೊತ್ತಿಲ್ಲ, ಗೊತ್ತಿಲ್ಲ ಅಂತ ಹೇಳಾಕ ನಾಚಿಕಿ. ಅಕ್ಕಲಕೋಟದ ದವಾಖಾನ್ಯಾಗ ಅವ ನಿನ್ನ ಬಾಜೂಕ ಕುಂತಿದ್ದ. ಉಸರಿಲ್ಲದ ಹುಟ್ಟಿದ ಆ ಹೆಣ್ಣು ಕೂಸನ್ನ ನಮ್ಮಪ್ಪ ಟಾವೆಲ್‌ದಾಗ ಸುತಗೊಂಡು ಹಿಂದಿನ ಬಾಗಿಲದಿಂದ ಒಯ್ದ. ನಿನಗ ತೋರಿಸಲಿಲ್ಲ. ತೋರಿಸಬ್ಯಾಡ್ರಿ ಅಂತ ನರ್ಸಬಾಯಿಗೆ ಹೇಳಿದಾವನೂ ಅಪ್ಪನೇ.

ಆಮ್ಯಾಲಿಂದು ನಿನಗೂ ಗೊತ್ತದ. ಆದ್ರ ನೀ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ದಿ, ನಾ ಹೊಸ್ತಿಲದಾಗ ಕುಂತು ನೋಡಿದೆ. ನಮ್ಮ ಕುರನೂರ ಮನಿಗೆ ಮಂದಿ ಬಂದೇ ಬಂದ್ರು. ಬಾಜೂ ಮನಿ ಸೋನಾಬಾಯಿ ದೃಷ್ಟಿ ಆಗ್ಯಾದ ಅಂದಳು. ಇನ್ನೊಬ್ಬಾಕಿ, ಬಸರಾಗಿದ್ದಾಗ ಗ್ರಹಣದಾಗ ಅಂಗಳಕ್ಕ ಬಂದಿದ್ದಳು, ನಾ ಕಣ್ಣಾರೆ ನೋಡೀನಿ ಅಂದಳು. ಅವ್ವ ನಿನ್ನ ರಟ್ಟಿಗೆ ತಾಯತ ಕಟ್ಟಿದಳು. ಆಕಾಶ ಹೊಸ ಮೊಬೈಲ್ ತಂದು ದಿಂಬಿನ ಹಂತ್ಯಾಕ ಇಟ್ಟ, ನೀ ಅದರ ಡಬ್ಬಿ ಸುದ್ದಾ ತಗೀಲಿಲ್ಲ. ಬಂದವರೆಲ್ಲಾ "ಆಗಿದ್ದು ಆಗಿ ಹೋತು, ನಿನಗೇನ ವಯಸ್ಸಾಗ್ಯಾದೇನು" ಅಂತಿದ್ರು, ಚಹಾ ಕುಡದು ಹೋಗ್ತಿದ್ರು. ಕೆಟ್ಟವರು ಯಾರೂ ಇರಲಿಲ್ಲ, ಎಲ್ಲಾರೂ ಮಾಯಾ ಇದ್ದವರೇ. ಸತ್ತದ ಅನ್ನೋ ಮಾತು ಮಾತ್ರ ಯಾರ ಬಾಯಾಗೂ ಬರಲಿಲ್ಲ. ನಿನ್ನ ಕುಬಸ ಹಾಲಿನಿಂದ ತೊಯ್ತಿತ್ತು, ಎಲ್ಲಾರೂ ನೋಡಿ ನೋಡಲಾರದಂಗ ಮಾಡತಿದ್ರು.

ನಮ್ಮಪ್ಪನ್ನ ನೀ ಬಲ್ಲಿ. ಬುದ್ಧಿ ಬಂದಾಗಿಂದ ಕುರಿ ಕಾಯ್ದಾವ. ಮನಷ್ಯಾರ ಸಂಕಟಾನೂ ಕುರಿ ನೋಡಿಕೋತನ ತಿಳಕೊಂಡಾನ, ಭಾಳ ಸಲ ಅವ ಹೇಳಿದ್ದು ಖರೆನೂ ಆಗ್ತದ. ಮರಿ ಸತ್ತ ಕುರಿಗೆ, ತಾಯಿ ಸತ್ತ ಇನ್ನೊಂದು ಮರಿ ತಂದು ಹಚ್ಚತಾರ. ಕುರಿ ಮೂಸಿ ನೋಡಿ ಒದೀತದ. ಅದಕ್ಕ ಸತ್ತ ಮರಿಯ ತೊಗಲು ಸುಲದು ಈ ಮರಿ ಮೈಮ್ಯಾಲ ಕಟ್ಟತಾರ. ತನ್ನ ಮರಿ ವಾಸನಿ ಬಂತಂದ್ರ ಕುರಿ ಸುಮ್ಮನ ನಿಂತು ಮೊಲಿ ಕೊಡತದ. ಸಣ್ಣಾಕಿ ಇದ್ದಾಗ ನಾನೂ ನೋಡೀನಿ.

ಅಪ್ಪ ನನ್ನ ಖೋಲಿಗೆ ಬಂದ. ಎಂಐಡಿಸಿ ಕಾರಖಾನಿಗಳ ಹಿಂದಿನ ಈ ಓಣಿಗೆ ಅವ ಬರೋದೇ ಅಪರೂಪ, ಮಗ್ಗದ ಸಪ್ಪಳಕ್ಕ ತಲಿ ಸಿಡೀತದ ಅಂತಾನ. ಬಂದು, ಚಹಾ ಬಸ್ಯಾಗ ಹಾಕ್ಕೊಂಡು ಕುಡದು, ತೊಟ್ಟಿಲದಾಗಿನ ನನ್ನ ಸಣ್ಣ ಮಗಳ ಕಡೆ ಕೈ ಮಾಡಿ "ಸ್ವಲ್ಪ ದಿನ ಇದನ್ನ ದೀಪಾಲಿಗೆ ಹಚ್ಚೋಣು" ಅಂದ. ನಾ ಹೂಂ ಅಂದೆ. ಅದು ತಪ್ಪು ಅಂತ ನನಗ ಈಗೂ ಅನಸಂಗಿಲ್ಲ. ನಿನಗ ಹಾಲು ಕಟ್ಟಿ ಜ್ವರ ಬಂದಿದ್ವು. ನನಗ ಟಾವೆಲ್ ಹೊಲಿಯಾಕ ಕಾರಖಾನಿಗೆ ಹೋಗೋದಿತ್ತು. ಹಾಲೂ ಇತ್ತು, ಕೂಸೂ ಇತ್ತು. ಆದ್ರ ನಾ ಕುರನೂರಿಗೆ ತಂದ ಮ್ಯಾಲ ಅವ್ವ ನನ್ನ ಮಗಳನ್ನ ನಿನ್ನ ಮಗ್ಗಲಾಗ ಹಾಕೋದಕ್ಕ ಮೊದಲ, ನೀ ಬಸರಾಗಿದ್ದಾಗ ಹೊಲದಿಟ್ಟ ಆ ಸಣ್ಣ ಕೌದ್ಯಾಗ ಸುತ್ತಿದಳು. ಹಂಗ ಸುತ್ತಾಕ ಹೇಳಿದಾವ ಅಪ್ಪ. ಇವರು ಕುರಿಗೆ ಮಾಡೋದನ್ನ ನಿನಗ ಮಾಡಾಕತ್ಯಾರ ಅಂತ ನನಗ ಅವಾಗ ತಿಳೀತು.

ನೀ ಎದ್ದು ಕುಂತಿ, ಕೂಸಿನ್ನ ತಗೊಂಡಿ. ಅವ್ವನ ಮಾರಿ ಅರಳಿತು. ನೀ ಕೌದಿ ಬಿಚ್ಚಿದಿ, ಕೂಸನ್ನ ನನ್ನ ಉಡ್ಯಾಗ ಹಾಕಿದಿ, ಕೌದಿ ಮಡಚಿ ಟ್ರಂಕಿನಾಗ ಇಟ್ಟಿ. "ಇದು ಅಕ್ಕಂದು. ನಂದು ಸತ್ತದ. ನಂದು ಎಲ್ಲಿ ಇಟ್ಟೀರಿ?" ಅಂದಿ. ಅವ್ವ "ಇದೇ ನಿಂದು ಅಂತ ತಿಳ್ಕೋ ಯವ್ವಾ" ಅಂದಳು. ಮರುದಿನ ನೀ ಮಂದ್ರೂಪದ ಹಾದಿ ಹಿಡದಿ. ಊರ ಮಂದಿ ತಲಿ ಕೆಟ್ಟದ ಅಂದ್ರು. ನನ್ನ ಕೇಳಿದ್ರ, ಅವತ್ತು ಆ ಮನ್ಯಾಗ ತಲಿ ನೆಟ್ಟಗಿದ್ದಾಕಿ ನೀ ಒಬ್ಬಾಕಿನ.

ನಂದು ಕಲ್ಲು ಮನಸು ಅಂತಾರ, ಇರಬಹುದು. ನನಗ ಕುಂತು ಅಳಾಕ ಬರಂಗಿಲ್ಲ, ಎದ್ದು ಹೋಗಿ ಕೇಳಾಕ ಬರ್ತದ. ಮೊನ್ನೆ ಕಾರಖಾನಿಗೆ ಸುಟ್ಟಿ ಇತ್ತು, ಕುರನೂರಿಗೆ ಹೋದೆ. ಅಪ್ಪ ದೊಡ್ಡ್ಯಾಗ ಕುಂತು ಒಂದು ಕುಂಟ ಕುರಿಯ ಗೊರಸು ಕೆತ್ತತಿದ್ದ.

"ಕೂಸಿನ್ನ ಎಲ್ಲಿ ಇಟ್ಟಿ ಅಪ್ಪಾ?" ಅಂದೆ.

"ಹೇಳಬಾರದು ಅದನ್ನ" ಅಂದ, ತಲಿ ಎತ್ತಲಿಲ್ಲ. ನಾ ಅಲ್ಲೇ ಕುಂತೆ. ಇನ್ನೊಂದು ಗೊರಸು ಕೆತ್ತಿಕೋತ ಅವನೇ ಮಾತಾಡಿದ. "ಸತ್ತ ಮರಿ ಕಂಡ್ರ ಕುರಿ ಅಲ್ಲೇ ನಿಂತ ಬಿಡತದ. ಹಿಂಡು ಮುಂದ ಹೋದ್ರೂ ಬರಂಗಿಲ್ಲ, ಒದರಿಕೋತ ನಿಲ್ಲತದ, ಹೊತ್ತು ಮುಳಗಿದ ಮ್ಯಾಲ ತ್ವಾಳ ಬರ್ತದ. ಅದಕ್ಕ ಕಾಣಲಾರದಲ್ಲಿ ಹುಗದು, ಹೊರಳಿ ನೋಡಲಾರದ ಬಂದುಬಿಡಬೇಕು. ನಮ್ಮಪ್ಪನೂ ಹಂಗ ಮಾಡತಿದ್ದ."

ಅವ ನಿನ್ನ ಮ್ಯಾಲಿನ ಸಿಟ್ಟಿಗೆ ಮುಚ್ಚಿಟ್ಟಿಲ್ಲ ದೀಪಾಲಿ. ನೀ ಅಲ್ಲೇ ನಿಂತ ಬಿಡತೀ ಅಂತ ಅಂಜ್ಯಾನ. ಇದು ನಿನಗ ಗೊತ್ತಿರಲಿ ಅಂತ ಬರದೆ, ಅವನ ಪರವಾಗಿ ವಕೀಲಿಕಿ ಮಾಡಾಕ ಅಲ್ಲ.

"ಆಕಿ ಈಗಾಗಲೇ ನಿಂತಾಳಪ್ಪಾ. ಎಲ್ಲಿ ನಿಲ್ಲಬೇಕು ಅನ್ನೋದು ಗೊತ್ತಿಲ್ಲದ ನಿಂತಾಳ" ಅಂದೆ.

ಅವ ಕುರಿ ಕಾಲು ಬಿಟ್ಟ, ಚಾಕು ಒರಸಿ ಕಿಸೇದಾಗ ಇಟ್ಟ, ರುಮಾಲು ಸುತಗೊಂಡು ನಡದ. ನಾ ಬೆನ್ನ ಹತ್ತಿದೆ.

ಈಗ ಜಾಗಾ ಹೇಳತೀನಿ, ನೆನಪಿಟಗೋ. ಬೋರಿ ಹೊಳಿ ಕಡೆ ಇಳಿಯೋ ನಮ್ಮ ಹೊಲದ ಕೊನೀಗೆ, ಬದುವಿನ ಮ್ಯಾಲ ಒಂದು ಬನ್ನಿ ಗಿಡ ಅದ. ಕಳೆ ತಗ್ಯಾಕ ಹೋದಾಗ ನೀ ರೊಟ್ಟಿ ಗಂಟು ತೂಗ ಹಾಕ್ತಿದ್ದಿ, ಅದೇ ಗಿಡ. ಅದರ ಮೂಡಣ ಮಗ್ಗಲಿಗೆ ಒಂದು ಚಪ್ಪಟಿ ಕಲ್ಲು ಇಟ್ಟಾನ. ನಾಯಿ ನರಿ ಕೆದರಬಾರದು ಅಂತ ಸುತ್ತೂ ಜಾಲಿ ಮುಳ್ಳು ಹಾಕ್ಯಾನ. ನೀ ಹೋಗಿ ಒಂದು ಸುಗ್ಗಿ ಕಳದದ, ಅಷ್ಟು ದಿನದ ಮುಳ್ಳು ಒಣಗಿ ಬೆಳ್ಳಗಾಗಬೇಕಿತ್ತು. ನಾ ನೋಡಿದಾಗ ಟೊಂಗಿ ಮ್ಯಾಲಿನ ಎಲಿ ಇನ್ನಾ ಹಸರ ಇದ್ದವು, ಕಡದ ಜಾಗಾ ಹಸಿ ಇತ್ತು.

ಅಪ್ಪ ಹೊಳಿ ಕಡೆ ನೋಡಿಕೋತ "ತಲಿ ತುಂಬ ಕೂದಲಿತ್ತು. ಮೂಗು ದೀಪಾಲಿದು" ಅಂದ. ನಮ್ಮ ಮನ್ಯಾಗ ಅದರ ಮಾರಿ ನೋಡಿದಾವ ಅವ ಒಬ್ಬನ. ನೀ ಕೇಳಿದ್ರ ಇನ್ನಾ ಹೇಳತಾನ. ಕೇಳಲಿಲ್ಲಂದ್ರ ತಾನಾಗೇ ಹೇಳೋ ಪೈಕಿ ಅಲ್ಲ.

ಸೋಮವಾರ ಬಾ ಅಂತ ನಾ ಬರಿಯಂಗಿಲ್ಲ. ಬರೋದು ಬಿಡೋದು ನಿನ್ನ ಮನಸು. ಬಂದ್ರ, ಮನಿಗೆ ಹೋಗೋದಕ್ಕ ಮೊದಲ ಹೊಲಕ್ಕ ಹೋಗು. ಅವ್ವ ಬ್ಯಾಡ ಅಂತಾಳ, ಕಿವಿ ಮ್ಯಾಲ ಹಾಕ್ಕೋಬ್ಯಾಡ. ಎಷ್ಟು ಹೊತ್ತು ನಿಲ್ಲಬೇಕು ಅನಸ್ತದ ಅಷ್ಟು ಹೊತ್ತು ನಿಲ್ಲು. ಅಪ್ಪಗ ಹೇಳಿ ಬಂದೀನಿ. ಅವತ್ತು ಹಿಂಡು ಮೇಯಾಕ ಬಿಡಂಗಿಲ್ಲ, ಆಕಿ ಹೊಲದಿಂದ ಬರೋತನಾ ಕುಂತಿರ್ತೀನಿ ಅಂದಾನ.

ನಮ್ಮ ಮನಿದೇವರು ಬೀರೋಬಾ ನಿನಗ ನಿದ್ದಿ ಕೊಡಲಿ, ಹೊಟ್ಟಿಗೆ ಅನ್ನ ಸೇರಸಲಿ.

ನಿನ್ನ ಅಕ್ಕ,
ನಂದಾ