ಹಲ್ಲಿನ ಸೆಟ್ ತಡವಾದ ಕಾರಣ

ಪರ್ಕಳ
೨ ಎಪ್ರಿಲ್ ೨೦೦೮

ಕಾಪು ಕಡಲತೀರಾಧೀಶ್ವರ, ಮದುವೆ ಮಂಟಪ ಮಾರ್ತಾಂಡ, ನಲವತ್ತು ಜೋಡಿಗಳಿಗೆ ಗ್ಲಾಸೆತ್ತಿ ಶುಭ ಕೋರಿದ ಟೋಸ್ಟ್ ಚಕ್ರವರ್ತಿ ಶ್ರೀಮದ್ ಜೋಕಿಮ್ ಪೊರ್ಬುಗಳ ದಿವ್ಯ ಸನ್ನಿಧಾನಕ್ಕೆ, ಪಕ್ಕದ ಮನೆಯ ವಿದ್ಯಾಧೀಶನು ಅಡ್ಡಬಿದ್ದು ಮಾಡುವ ವಿಜ್ಞಾಪನೆ.

ಅಜ್ಜ, ಹೇಗಿದ್ದೀರಿ? ವಸಡಿನ ಉರಿ ಕಡಿಮೆಯಾಯಿತಾ? ಮೊಮ್ಮಗಳು ಗ್ಲ್ಯಾಡಿಸಳ ಮದುವೆಯಾಗಿ ಎರಡೂವರೆ ತಿಂಗಳಾದರೂ ನಾನು ನಿಮ್ಮ ಮೆಟ್ಟಿಲು ಹತ್ತಲಿಲ್ಲ, ಒಂದು ಕಾಗದವನ್ನೂ ಬರೆಯಲಿಲ್ಲ. ಕಾಪುವಿಗೆ ಎರಡು ಸಲ ಬಂದಿದ್ದೆ. ಎರಡೂ ಸಲ ಹಿಂದಿನ ಗದ್ದೆಯ ಬದಿಯಿಂದ ನಮ್ಮ ಮನೆ ಸೇರಿದೆ. ಕ್ಷಮಿಸಿ.

ಮೊದಲು ಸಂತೋಷದ ಸುದ್ದಿ. ನಿಮ್ಮ ಹಲ್ಲಿನ ಸೆಟ್ಟಿನ ಮೇಲೆ ಬೆಳೆದಿದ್ದ ಫಂಗಸ್ಸು ಮಹಾ ಜಗಮೊಂಡ. ಸುತ್ತಲೂ ತಾನೇ ಲೋಳೆಯ ಗೋಡೆ ಕಟ್ಟಿಕೊಂಡು ಒಳಗೆ ಸಂಸಾರ ಹೂಡಿತ್ತು. ಡಾಕ್ಟರು ಕೊಟ್ಟ ಔಷಧ ಆ ಗೋಡೆಗೆ ಹಣೆ ಚಚ್ಚಿಕೊಂಡು ವಾಪಸಾಗುತ್ತಿತ್ತು. ಲ್ಯಾಬಿನ ತಟ್ಟೆಯಲ್ಲಿ ಔಷಧವನ್ನು ಹದಿನಾರು ಪಟ್ಟು ಏರಿಸಿದೆ, ಜಪ್ಪಯ್ಯ ಅಂದರೂ ಅಲುಗಲಿಲ್ಲ. ಆಮೇಲೆ ಲವಂಗದೆಣ್ಣೆಯಲ್ಲಿರುವ ಯುಜಿನಾಲ್ ಎಂಬ ಸಾರವನ್ನು ತುಸುವೇ ಸೇರಿಸಿದೆ. ಅಷ್ಟರಿಂದ ಫಂಗಸ್ಸು ಸಾಯುವುದಿಲ್ಲ, ಗೋಡೆ ಸಡಿಲವಾಗುತ್ತದೆ. ಆ ಸಂದಿಯಲ್ಲಿ ಔಷಧ ಒಳಗೆ ನುಗ್ಗಿತು. ಮೊದಲು ಸೋತಿದ್ದ ಪ್ರಮಾಣದ ಎಂಟನೇ ಒಂದು ಭಾಗವೇ ಸಾಕಾಯಿತು! ಮೂರು ಸಲ ಮಾಡಿ ನೋಡಿದೆ, ಮೂರು ಸಲವೂ ಹಾಗೆಯೇ. ನನ್ನ ಮುಖ ನೋಡಿ ಯಾವತ್ತೂ ನಗದ ನಮ್ಮ ಸಂಶೋಧನೆಯ ಗೈಡ್ ನರ್ಮದಾ ಮೇಡಂ, "ಪರವಾಗಿಲ್ಲ ಮಾರಾಯ, ನಿನ್ನಿಂದಲೂ ಒಂದು ಕೆಲಸ ಆಯಿತು" ಎಂದರು. ಇದೆಲ್ಲ ತಟ್ಟೆಯೊಳಗಿನ ಕತೆ, ಅಜ್ಜ. ನೀವು ಲವಂಗದೆಣ್ಣೆ ತಂದು ಬಾಯಿಗೆ ಹಚ್ಚಿಕೊಂಡೀರಿ ಜೋಕೆ, ಸುಡುತ್ತದೆ.

ಆದರೆ ಈ ಸಂತೋಷ ನನ್ನ ಗಂಟಲಿನಿಂದ ಕೆಳಗೆ ಇಳಿಯುತ್ತಿಲ್ಲ. "ಪ್ರಯೋಗಕ್ಕೆ ಬೇಕು, ಮೂರು ದಿನ ಸಾಕು" ಎಂದು ಸೆಟ್ ಕೊಂಡುಹೋದವನು ನಾನು. ಕೊಡುವಾಗ ನೀವು, "ಆದಿತ್ಯವಾರ ಮದುವೆ ಉಂಟು, ಗೊತ್ತುಂಟಲ್ಲ? ಹುಡುಗಿ ತೊಟ್ಟಿಲಲ್ಲಿ ಇದ್ದಾಗಿನಿಂದ ಈ ಟೋಸ್ಟ್ ಬಾಯಿಪಾಠ ಮಾಡ್ತಾ ಇದ್ದೇನೆ" ಎಂದಿರಿ.

ಕೇಕ್ ಕತ್ತರಿಸಿದ ಮೇಲೆ ಮೈಕಿನವ ನಿಮ್ಮ ಹೆಸರು ಕೂಗಿದ. ನೀವು ಬಾಯಿಗೆ ಕರವಸ್ತ್ರ ಒತ್ತಿಕೊಂಡು ತಲೆ ಅಲ್ಲಾಡಿಸಿದಿರಿ. ನಿಮ್ಮ ಬದಲು ಕಾರ್ಕಳದ ನಿಮ್ಮ ತಮ್ಮನ ಮಗ ವಿಲ್ಫ್ರೆಡ್ ಎದ್ದು ಚೀಟಿ ನೋಡಿ ಓದಿದರು, ಮದುಮಗನ ಹೆಸರನ್ನೇ ತಪ್ಪಾಗಿ ಓದಿದರು. ಗ್ಲ್ಯಾಡಿಸ್ ಗೌನು ಎತ್ತಿ ಹಿಡಿದುಕೊಂಡು ಸೀದಾ ನನ್ನ ಮೇಜಿಗೆ ಬಂದಳು.

"ಅಜ್ಜನ ಹಲ್ಲು ಎಲ್ಲಿ ಉಂಟು ಮಾರಾಯ?"

"ಮನುಕುಲದ ಒಳಿತಿಗಾಗಿ ಬಲಿದಾನವಾಗಿದೆ. ಲ್ಯಾಬಿನಲ್ಲಿ ಪರೀಕ್ಷೆ ಇನ್ನೂ ಮುಗಿದಿಲ್ಲ" ಎಂದೆ.

ಮೇಜಿನವರೆಲ್ಲ ನಕ್ಕರು. ಪಕ್ಕದ ಮೇಜಿನಲ್ಲಿದ್ದ ನೀವೂ ನಕ್ಕಿರಿ, ಕರವಸ್ತ್ರ ತೆಗೆಯದೆ. ಅವಳು ನಗಲಿಲ್ಲ.

ಮರುದಿನ ನಿಮ್ಮ ಸೊಸೆ ಸೆಲೀನ್ ಬಾಯಿಯವರ ಕೈಗೆ ಸೆಟ್ ಕೊಟ್ಟು ಓಡಿದೆ. ಗ್ಲ್ಯಾಡಿಸ್ ಗಂಡನ ಜೊತೆ ಮಸ್ಕತ್ತಿಗೆ ಹೋದಳು. ಅವಳಿಗೆ ಹೇಳಬೇಕಾದದ್ದು ನಿಮ್ಮ ಬಾಯೊಳಗೇ ಉಳಿಯಿತು. ಮೊನ್ನೆ ಅಮ್ಮ ಫೋನಿನಲ್ಲಿ ಹೇಳಿದಳು, ಕಾರ್ಕಳದಲ್ಲಿ ಇನ್ನೊಂದು ಮದುವೆ ಉಂಟಂತೆ, ಕರೆಯಲು ಬಂದವರಿಗೆ ನೀವು, "ಟೋಸ್ಟ್ ವಿಲ್ಫ್ರೆಡ್ ಹೇಳಲಿ, ನನ್ನದು ಮುಗಿಯಿತು" ಎಂದಿರಂತೆ. ಹಾಗೆ ಹೇಳಬೇಡಿ ಅಜ್ಜ. ಬೇಕಾದರೆ ನನಗೆ ನಾಲ್ಕು ಬೈದು ಬಾಯಿ ಬಿಸಿ ಮಾಡಿಕೊಂಡು ಹೋಗಿ.

ನಿಮಗೆ ಆಯುರಾರೋಗ್ಯ ಕೊಡಲೆಂದು ನಮ್ಮ ದೇವರಲ್ಲೂ ನಿಮ್ಮ ದೇವರಲ್ಲೂ ಕೇಳಿಕೊಂಡಿದ್ದೇನೆ. ನನ್ನ ಮೇಲೂ ಆಶೀರ್ವಾದ ಇರಲಿ.

ನಿಮ್ಮ ತಂಟೆಕೋರ,
ವಿದ್ಯಾ

ತಾ.ಕ.: ಪ್ರಯೋಗಕ್ಕೆ ಹತ್ತಿಯ ಕಡ್ಡಿಯಿಂದ ಒಂದು ಸಲ ಒರೆಸಿಕೊಂಡರೆ ಸಾಕಿತ್ತು. ಅದು ಮೊದಲ ದಿನವೇ ಮುಗಿದಿತ್ತು. ಮೈಕಿನಲ್ಲಿ ನಿಮ್ಮ ಹೆಸರು ಕರೆದ ಕೂಡಲೇ ಸೆಟ್ಟನ್ನು ತಟ್ಟೆಯಲ್ಲಿಟ್ಟು, ಕೆಂಪು ವೆಲ್ವೆಟ್ ಮುಚ್ಚಿ, ರಾಜಗಾಂಭೀರ್ಯದಿಂದ ನಡೆದು ಬಂದು ನಿಮಗೆ ಒಪ್ಪಿಸಬೇಕೆಂದು ನಾನೊಂದು ತಮಾಷೆ ಹೂಡಿದ್ದೆ. ಹೆಸರು ಕರೆದಾಗ ನಾನು ಅಡುಗೆಯವರ ಹತ್ತಿರ ತಟ್ಟೆ ಕೇಳುತ್ತಿದ್ದೆ. ತಿರುಗಿ ನೋಡುವಷ್ಟರಲ್ಲಿ ನೀವು ತಲೆ ಅಲ್ಲಾಡಿಸಿ ಆಗಿತ್ತು. ಆಮೇಲೆ ಹೊರಗೆ ತೆಗೆಯಲು ಧೈರ್ಯ ಬರಲಿಲ್ಲ. ಗ್ಲ್ಯಾಡಿಸ್ ಬಂದು ಕೇಳಿದಾಗ ಅದು ನನ್ನ ಕೋಟಿನ ಕಿಸೆಯಲ್ಲಿತ್ತು.