ಮೇಘಾಳ ಗುಳಿಗೆ

ಬೆಟಗೇರಿ
೨೭-೧೧-೨೦೨೪, ಬುಧವಾರ

ನನ್ನ ಅವ್ವನಿಗೆ ಶರಣು,

ಪಕ್ಕದ ಮನೆಯ ಮಾಳವ್ವ ಮಧ್ಯಾಹ್ನ ಸೊರಟೂರಿಗೆ ಬರುತ್ತಾಳೆ. ಅವಳ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನನ್ನ ಫೋನು ಈಗ ಇವರ ಹತ್ತಿರವೇ ಇರುತ್ತದೆ. ಗಾಬರಿಯಾಗಬೇಡ, ನಾವು ಚೆನ್ನಾಗಿದ್ದೇವೆ.

ಅಳಿಯ ಮತ್ತೆ ವಿಭೂತಿ ಹಚ್ಚಿಕೊಂಡನೆಂದು ನೀನು ಓಣಿಗೆಲ್ಲ ಸಕ್ಕರೆ ಹಂಚಿದೆಯಂತೆ. ಮೊದಲು ನನಗೂ ಸಮಾಧಾನವೇ ಆಗಿತ್ತು. ಮಗ ಅಪ್ಪು ಜ್ವರದಲ್ಲಿ ತೀರಿಕೊಂಡ ದಿನ ದೇವರ ಜಗಲಿಯನ್ನೇ ಕಿತ್ತುಹಾಕಿದವರು ಇವರು. ನಾನೂ ಅಂದೇ ಕೊರಳಿನ ಲಿಂಗ ತೆಗೆದಿಟ್ಟೆ. ಆಮೇಲೆ ನಮ್ಮ ಮನೆಯಲ್ಲಿ ಮಗ್ಗದ ಸಪ್ಪಳ ಬಿಟ್ಟರೆ ಬೇರೆ ದನಿಯಿರಲಿಲ್ಲ.

ಈಗ ಇವರು ಮುಂಡರಗಿ ಕಡೆಯ ಒಂದು ತೋಟಕ್ಕೆ ಹೋಗುತ್ತಾರೆ. ಡಾಕ್ಟರನ್ನು ನಂಬಿದ್ದಕ್ಕೇ ಅಪ್ಪು ಹೋದ ಎಂದು ಅಲ್ಲಿರುವ ಸ್ವಾಮಿ ಅಜ್ಜ ಹೇಳಿದನಂತೆ. "ಮೇಘಾಗ ಇನ್ನ ಮೂರ್ಛೆ ಗುಳಗಿ ಕೊಡಬ್ಯಾಡ. ಅಮಾಸಿಗೆ ಅಜ್ಜಾರ ಹಂತ್ಯಾಕ ಬಿಟ್ಟ ಬರೂಣು, ತಾನ ಆರಾಮ ಆಗತೈತಿ" ಎಂದು ಇವರು ಮಗಳ ಬಗ್ಗೆ ಹೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿತು. ಮರುದಿನ ನೋಡಿದರೆ ಗುಳಿಗೆಗಳನ್ನೆಲ್ಲ ಗಟಾರಕ್ಕೆ ಚೆಲ್ಲಿದ್ದರು.

ಸೋಮವಾರ ಮೇಘಾಳಿಗೆ ಮೂರ್ಛೆ ಬಂತು, ಒಂದರ ಬೆನ್ನಿಗೆ ಇನ್ನೊಂದು. ಇವರು ಪಕ್ಕದಲ್ಲೇ ಕಣ್ಣು ಮುಚ್ಚಿ ಜಪ ಮಾಡುತ್ತ ಕೂತಿದ್ದರು. ಮಗಳನ್ನು ಮಗ್ಗುಲಿಗೆ ಹೊರಳಿಸಿ ಹಿಡಿದಾಗ ನನ್ನ ಬಾಯಿಂದ "ಶಿವನೇ" ಎಂದು ಬಂತು, ಅವ್ವಾ. ಏನನ್ನೂ ಬೇಡಲಿಲ್ಲ. ಅಪ್ಪುವನ್ನು ಉಳಿಸದವನ ಹತ್ತಿರ ಏನು ಬೇಡಲಿ? ಆದರೂ ಯಾರೋ ನನ್ನ ಜೊತೆ ಕೂತು ಅವಳನ್ನು ಹಿಡಿದಂತಾಯಿತು. ಅವಳು ಕಣ್ಣು ಬಿಟ್ಟ ಮೇಲೆ ಜಳಕ ಮಾಡಿ ಲಿಂಗ ಕಟ್ಟಿಕೊಂಡೆ. ಮಾಳವ್ವನಿಂದ ಗುಳಿಗೆ ತರಿಸಿ ಇವರೆದುರೇ ನುಂಗಿಸಿದೆ.

"ದೇವರ ಮ್ಯಾಲ ನಂಬಿಕಿ ಇಲ್ಲೇನ ನಿನಗ?" ಎಂದು ಕೇಳಿದರು.

"ಈಗ ಬಂದೈತ್ರಿ. ಅದಕ್ಕ ಕೊಟ್ಟೆ" ಎಂದೆ.

ಅಂದೇ ನನ್ನ ಫೋನು ಕಸಿದುಕೊಂಡರು. ನಾಳೆ ಇವರು ನೂಲು ತರಲು ಹೋದಾಗ ಮೇಘಾಳನ್ನು ಕರೆದುಕೊಂಡು ನಿನ್ನಲ್ಲಿಗೆ ಬರುತ್ತೇನೆ.

ನಿನ್ನ ಮಗಳು,
ಶಿವರಂಜನಿ

ತಾ.ಕ.: ನಾಳೆಯ ತನಕ ಕಾಯುವಂತಿಲ್ಲ. ಮಗಳನ್ನು ಇವತ್ತೇ ಒಯ್ಯುತ್ತೇನೆಂದು ಇವರು ಜೀಪು ತಂದಿದ್ದಾರೆ. ಜೊತೆಗೆ ತೋಟದ ಇಬ್ಬರು ಬಂದಿದ್ದಾರೆ. ನಾನು ಮೇಘಾಳೊಡನೆ ಒಳಕೋಣೆ ಸೇರಿ ಅಗುಳಿ ಹಾಕಿಕೊಂಡಿದ್ದೇನೆ. ಇದನ್ನು ಹಿತ್ತಲ ಕಿಟಕಿಯ ಹೊರಗೆ ನಿಂತಿರುವ ಮಾಳವ್ವನಿಗೆ ಕೊಡುತ್ತೇನೆ. ಅವಳು ಮೊದಲು ಪೊಲೀಸ್ ಠಾಣೆಗೆ ಓಡುತ್ತಾಳೆ, ಆಮೇಲೆ ನಿನ್ನ ಕಡೆಗೆ. ಆನಂದಣ್ಣನನ್ನು ಕೂಡಲೇ ಕಳಿಸು. ಇವರು ಕದ ಬಡಿಯುತ್ತಿಲ್ಲ, ಮೆಲ್ಲಗೆ ಮಗಳ ಹೆಸರು ಹಿಡಿದು ಕರೆಯುತ್ತಿದ್ದಾರೆ. "ಅಪ್ಪ ಕರ್ಯಾಕತ್ತಾನ, ಹೋಗ್ಲ್ಯಾ?" ಎಂದು ಅವಳು ನನ್ನನ್ನು ಕೇಳುತ್ತಿದ್ದಾಳೆ. ಹಿಡಿದುಕೊಂಡಿದ್ದೇನೆ.