ಎರಡು ಕಡೆಯ ಕಾಳು

ವಾಂಡೋ ದ್ವೀಪ, ನವೆಂಬರ್ ೧೮

ಹೇರಿನ್‌ಳ ಅಪ್ಪನಿಗೆ,

ನಿಮ್ಮ ಸೊಂಟನೋವು ಹೇಗಿದೆ? ಹಡಗಿನ ಅಡುಗೆಮನೆಯಲ್ಲಿ ದಿನವಿಡೀ ನಿಂತೇ ಇರುತ್ತೀರಿ, ಮಲಗುವ ಮುಂಚೆ ಬಿಸಿನೀರಿನ ಶಾಖವನ್ನಾದರೂ ಕೊಟ್ಟುಕೊಳ್ಳಿ. ಅತ್ತೆ ಪರವಾಗಿಲ್ಲ, ಟೀವಿಯಲ್ಲಿ ಹವಾಮಾನ ಹೇಳುವ ಹುಡುಗಿಯನ್ನು ಬೈಯುವಷ್ಟು ಶಕ್ತಿ ಇನ್ನೂ ಇದೆ.

ಹೊಟ್ಟೆ ತುಂಬ ಸೋಯಾಕಾಳು ಹೊತ್ತ ನಿಮ್ಮ ಹಡಗು, ಹಡಗುಗಳು ದಾಟುವ ಆ ದೊಡ್ಡ ಕಾಲುವೆಯಲ್ಲಿ ನೀರು ಸಾಲದೆ ಅದರ ಬಾಯಲ್ಲೇ ನಿಂತಿದೆ ಎಂದು ಕಂಪನಿಯವರು ಹೇಳಿದರು. ಇಲ್ಲಿ ನೀರೇ ಹೆಚ್ಚಾಯಿತು. ತೋಫು ಅಂಗಡಿ ಶುರುಮಾಡಿದಾಗ ನೀವು, "ಅರ್ಧ ನಮ್ಮೂರ ಕಾಳು, ಅರ್ಧ ಹಡಗಿನ ಕಾಳು ಹಾಕೋಣ. ಎರಡೂ ಒಟ್ಟಿಗೇ ಕೈಕೊಡುತ್ತಾ ಏನು?" ಅಂದಿದ್ದಿರಿ. ಇಷ್ಟು ವರ್ಷ ಹಾಗೆಯೇ ನಡೆಯಿತು. ಇಲ್ಲಿ ಬೆಳೆ ಕೆಟ್ಟರೆ ಹಡಗು ಕಾಪಾಡಿತು, ಹಡಗು ತಡವಾದರೆ ಪಕ್ಕದ ಸುನ್‌ದೊಕ್ ಅಜ್ಜಿಯ ಹೊಲ ಕಾಪಾಡಿತು. ಈ ಸಲ ಆಗಸ್ಟ್ ಮಳೆಯ ನೀರು ಹೊಲದಲ್ಲೇ ನಿಂತು ಗಿಡಗಳೆಲ್ಲ ಬೇರುಸಹಿತ ಕೊಳೆತವು. ಬುಸಾನ್‌ನ ಸಗಟು ವ್ಯಾಪಾರಿ ತನ್ನಲ್ಲಿದ್ದ ಕಾಳನ್ನೆಲ್ಲ ದೊಡ್ಡ ಕಾರ್ಖಾನೆಗಳಿಗೆ ಕೊಟ್ಟು, ನಮ್ಮ ಫೋನು ಎತ್ತುವುದನ್ನೇ ಬಿಟ್ಟ.

ವೃದ್ಧಾಶ್ರಮಕ್ಕೆ ತೋಫು ಕಳಿಸುವುದು ನಿಂತುಹೋಯಿತು. ಮಾಂಸ ಅಗಿಯಲಾಗದ ಆ ಜೀವಗಳು ಅನ್ನಕ್ಕೆ ಬರೀ ಸಾರು ಕಲಸಿಕೊಂಡು ಉಣ್ಣುತ್ತಿದ್ದವು. ಕಳೆದ ವಾರ ಸುನ್‌ದೊಕ್ ಅಜ್ಜಿ ತಳ್ಳುಗಾಡಿಯಲ್ಲಿ ಒಂದು ಚೀಲ ಬೀಜದ ಕಾಳು ತಂದಳು. ಅವಳ ತವರಿನಿಂದ ಬಂದ ತಳಿ, ಬೇರೆ ಯಾರ ಹತ್ತಿರವೂ ಇಲ್ಲ. ನಾನು ಬೇಡವೆಂದೆ, ಬಿತ್ತನೆಗೆ ಇಟ್ಟುಕೊಳ್ಳಿ ಎಂದು ಕೈ ಹಿಡಿದುಕೊಂಡೆ.

"ಬಿತ್ತೋರು ಯಾರು ಹೇಳು? ನಂಗೆ ಎಂಬತ್ತು ದಾಟ್ತು. ಆ ಮುದುಕೀರೆಲ್ಲ ನನ್ ಜೊತೆ ನಾಟಿ ಮಾಡಿದೋರು ಕಣೆ. ಅವ್ರು ಬರೀ ಸಾರು ಕುಡೀತಿರೋವಾಗ ಬೀಜ ಕಾಯ್ತಾ ಕೂರೋಕೆ ನಂಗೇನು ಹುಚ್ಚಾ?"

ಹೀಗೆಂದು ಚೀಲವನ್ನು ತಾನೇ ನೆನೆಹಾಕುವ ತೊಟ್ಟಿಗೆ ಸುರಿದಳು. ತಕ್ಷಣ ಬಾಚಿ ಒಣಗಿಸಿದ್ದರೆ ಉಳಿಯುತ್ತಿದ್ದವೋ ಏನೋ. ಕಾಳು ನೀರು ಕುಡಿದು ಉಬ್ಬುವುದನ್ನು ಇಬ್ಬರೂ ನೋಡುತ್ತ ಕೂತೆವು. ಅಷ್ಟು ಸಿಹಿಯಾದ ತೋಫು ನಾನು ಎಂದೂ ಮಾಡಿರಲಿಲ್ಲ. ಅಜ್ಜಿ ಮಾತ್ರ ಒಂದು ಚೂರೂ ಬಾಯಿಗಿಡಲಿಲ್ಲ. ಆಶ್ರಮದವರು ನಾಳೆಯೂ ಇದನ್ನೇ ತನ್ನಿ ಎಂದರು. ನಾನು ಹೂಂ ಎಂದು ಪಾತ್ರೆ ಎತ್ತಿಕೊಂಡು ಬಂದೆ.

ಅತ್ತೆ ಆಶೀರ್ವಾದ ಹೇಳಿದ್ದಾರೆ. ಹೇರಿನ್ ನಿಮ್ಮನ್ನು ಕೇಳುತ್ತಿರುತ್ತಾಳೆ. ಕತ್ತಿಗೆ ಉಣ್ಣೆಯ ಬಟ್ಟೆ ಸುತ್ತಿಕೊಳ್ಳಿ.

ನಿಮ್ಮ
ಯೊನ್‌ಸಿಲ್

ಮರೆತಿದ್ದೆ: ಹೊಸವರ್ಷಕ್ಕೆ ಹಡಗಿನ ಕೆಲಸ ಬಿಟ್ಟು ಊರಲ್ಲೇ ಇರುತ್ತೇನೆ ಎಂದಿದ್ದಿರಲ್ಲ, ಬರಬೇಡಿ. ಕರಾರಿಗೆ ಮತ್ತೆ ಸಹಿ ಹಾಕಿಬಿಡಿ. ಅಂಗಡಿಯ ಕಾಳು ಬೀಸುವ ಯಂತ್ರವನ್ನು ಬೆಳಿಗ್ಗೆ ಹಳೆ ಕಬ್ಬಿಣದವನು ತೂಕಕ್ಕೆ ಕೊಂಡು ಒಯ್ದ.